ಏರ್‌ಪೋರ್ಟ್ ಸುತ್ತ ಕಟ್ಟುವ ಮುನ್ನ: ತುದಿ ಎಲ್ಲಿಗೆ ನಿಲ್ಲಬೇಕು?

ವಿಮಾನ ನಿಲ್ದಾಣದ ಸುತ್ತಮುತ್ತ ಜಾಗ ಕೊಂಡವರು, ಅಪಾರ್ಟ್‌ಮೆಂಟ್ ಕಟ್ಟಲು ಹೊರಟವರು, ಮೊಬೈಲ್ ಟವರ್ ನಿಲ್ಲಿಸುವವರು ಎಲ್ಲರೂ ಮೊದಲು ಕೇಳುವುದು ‘ಇಲ್ಲಿ ಎಷ್ಟು ಮಹಡಿ ಏರಿಸಬಹುದು?’ ಅಂತ. ಪ್ರಶ್ನೆಯನ್ನು ಹಾಗೆ ಕೇಳಿದಾಗಲೇ ಲೆಕ್ಕ ದಾರಿ ತಪ್ಪುತ್ತದೆ. ಇಳಿಯುತ್ತಿರುವ ವಿಮಾನಕ್ಕೆ ನಿಮ್ಮ ಸೈಟು ದಿಬ್ಬದ ಮೇಲಿದೆಯೋ ಕೆರೆಯಂಗಳದಲ್ಲಿದೆಯೋ ಬೇಕಿಲ್ಲ. ಕಟ್ಟಡದ ತುತ್ತತುದಿ ಸಮುದ್ರ ಮಟ್ಟದಿಂದ ಎಷ್ಟು ಮೀಟರಿನಲ್ಲಿ ನಿಂತಿದೆ ಎಂಬುದಷ್ಟೇ ಅದಕ್ಕೆ ಮುಖ್ಯ. ಕಟ್ಟಲು ಅಡ್ಡಿಯಿಲ್ಲ ಎಂದು ಕೊಡುವ ನಿರಾಕ್ಷೇಪಣಾ ಪತ್ರದಲ್ಲಿ, ಅಂದರೆ ಎನ್‌ಒಸಿಯಲ್ಲಿ, ಬರೆದುಕೊಡುವುದೂ ಈ ಸಂಖ್ಯೆಯನ್ನೇ. ಅದಕ್ಕೆ ‘ಪರ್ಮಿಸಿಬಲ್ ಟಾಪ್ ಎಲಿವೇಷನ್’ ಎನ್ನುತ್ತಾರೆ. ನೆಲದಿಂದ ಎಷ್ಟು ಎತ್ತರ ಸಿಗುತ್ತದೆ ಎಂಬುದು ಆ ಸಂಖ್ಯೆಯಿಂದ ಸೈಟಿನ ಎತ್ತರವನ್ನು ಕಳೆದಾಗ ಉಳಿಯುವ ಬಾಕಿ. ಒಂದೇ ಬೀದಿಯಲ್ಲಿ, ಒಂದೇ ಮಿತಿಯ ಕೆಳಗೆ, ತಗ್ಗಿನ ಸೈಟಿಗೆ 14 ಮಹಡಿ ಸಿಕ್ಕಿ ದಿಬ್ಬದ ಸೈಟಿಗೆ 9 ಸಿಗುವುದು ಹೀಗೆ.

ಮೊದಲು ನೋಡಬೇಕಾದದ್ದು ನಿಮ್ಮ ಜಾಗ ಯಾವ ಯಾವ ನಿಲ್ದಾಣಗಳ ವ್ಯಾಪ್ತಿಗೆ ಬರುತ್ತದೆ ಎಂಬುದು. ‘ಯಾವ’ ಎನ್ನುವ ಪದ ಎರಡು ಸಲ ಬಂದದ್ದು ಬೇಕೆಂದೇ. ನಾಗರಿಕ ವಿಮಾನಯಾನ ಸಚಿವಾಲಯ 2015ರ ಸೆಪ್ಟೆಂಬರ್ 30ರಂದು ಜಿ.ಎಸ್.ಆರ್. 751(ಇ) ಮೂಲಕ ಹೊರಡಿಸಿದ ಎತ್ತರ ನಿರ್ಬಂಧ ನಿಯಮಗಳು, 2020ರ ತಿದ್ದುಪಡಿ ಸೇರಿ, ಇಂದಿಗೂ ಈ ಕೆಲಸದ ತಳಹದಿ. ಅವುಗಳ ಪ್ರಕಾರ ಪಟ್ಟಿಯಲ್ಲಿರುವ ನಿಲ್ದಾಣದ ಕೇಂದ್ರಬಿಂದುವಿನಿಂದ 20 ಕಿ.ಮೀ.ವರೆಗೆ ಪರಿಶೀಲನೆ ಬೇಕಾಗಬಹುದು. ಬೆಂಗಳೂರಿನಲ್ಲಿ ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣ, ಎಚ್‌ಎಎಲ್, ಯಲಹಂಕದ ವಾಯುಪಡೆ ನೆಲೆ, ಜಕ್ಕೂರು ಹೀಗೆ ನಾಲ್ಕಿವೆ. ಯಲಹಂಕ ಉಪನಗರದಿಂದ ನೇರ ಗೆರೆ ಎಳೆದರೆ ಈ ನಾಲ್ಕೂ 20 ಕಿ.ಮೀ. ಒಳಗೇ ಬರುತ್ತವೆ. ಅಲ್ಲಿ ಕಟ್ಟುವವರು ದೇವನಹಳ್ಳಿಯೊಂದನ್ನೇ ನೋಡಿ ಸುಮ್ಮನಾದರೆ ಕೆಲಸ ಕಾಲುಭಾಗ ಆದ ಹಾಗೆ. ನಾಗರಿಕ ನಿಲ್ದಾಣಗಳಿಗೆ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ, ಅಂದರೆ ಎಎಐ, ಎನ್‌ಒಸಿ ಕೊಡುತ್ತದೆ. ಎಚ್‌ಎಎಲ್ ನಿಲ್ದಾಣದ್ದನ್ನು ಎಚ್‌ಎಎಲ್ ಕೊಡುತ್ತದೆ, ವಾಯುನೆಲೆಯದ್ದು ವಾಯುಪಡೆಯಿಂದ ಬರಬೇಕು. ಒಂದರ ಒಪ್ಪಿಗೆ ಇನ್ನೊಂದಕ್ಕೆ ನಡೆಯುವುದಿಲ್ಲ.

ಎಚ್‌ಎಎಲ್ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಬೇರೂರಿದೆ. 2008ರ ಮೇ 24ರಂದು ದೇವನಹಳ್ಳಿ ಶುರುವಾದ ಮೇಲೆ ‘ಹಳೇ ಏರ್‌ಪೋರ್ಟ್ ಮುಚ್ಚಿಹೋಯಿತು’ ಎಂದು ಅನೇಕರು ನಂಬಿದ್ದಾರೆ. ನಿಂತದ್ದು ಟಿಕೆಟ್ ಕೊಂಡು ಹತ್ತುವ ವಿಮಾನಗಳು ಮಾತ್ರ. ಪರೀಕ್ಷಾ ಹಾರಾಟ, ಗಣ್ಯರ ವಿಮಾನ, ಬಾಡಿಗೆ ವಿಮಾನ ಎಲ್ಲವೂ ಅಲ್ಲಿ ನಡೆಯುತ್ತಲೇ ಇವೆ. ಮಾರತ್ತಹಳ್ಳಿ, ಇಂದಿರಾನಗರ, ವೈಟ್‌ಫೀಲ್ಡ್ ಕಡೆಗಳಲ್ಲಿ ಎತ್ತರದ ಮಿತಿ ಇಂದಿಗೂ ಜೀವಂತ.

ವ್ಯಾಪ್ತಿ ಗೊತ್ತಾದ ಮೇಲೆ ಬಣ್ಣದ ನಕ್ಷೆ. ನಿಲ್ದಾಣದ ಸುತ್ತಲ ಪ್ರದೇಶವನ್ನು ಚೌಕಗಳಾಗಿ ಮಾಡಿ, ಒಂದೊಂದು ಬಣ್ಣಕ್ಕೆ ಒಂದೊಂದು ಗರಿಷ್ಠ ತುದಿಯ ಎತ್ತರ ಕೊಟ್ಟಿರುತ್ತಾರೆ. ನಿಮ್ಮ ಕಟ್ಟಡದ ತುದಿ ಆ ಬಣ್ಣದ ಮಿತಿಯೊಳಗಿದ್ದರೆ ಪಾಲಿಕೆ ಅಥವಾ ಯೋಜನಾ ಪ್ರಾಧಿಕಾರವೇ ನಕ್ಷೆ ಮಂಜೂರು ಮಾಡಬಹುದು, ಎಎಐ ಬಾಗಿಲಿಗೆ ಹೋಗಬೇಕಿಲ್ಲ. ಕೆಂಪು ವಲಯವಾದರೆ ಎತ್ತರ ಎಷ್ಟೇ ಇರಲಿ, ಎನ್‌ಒಸಿ ಬೇಕೇ ಬೇಕು. ನಕ್ಷೆಯಲ್ಲಿರುವ ಸಂಖ್ಯೆ ಸಮುದ್ರ ಮಟ್ಟದಿಂದ ಎಂಬುದನ್ನು ಮರೆತು ನೆಲದಿಂದ ಎಂದು ಓದಿಕೊಂಡವರೂ ಇದ್ದಾರೆ. 940 ಎಂದು ಬರೆದಿದ್ದರೆ ಅದು 940 ಮೀಟರ್ ಎತ್ತರದ ಗೋಪುರಕ್ಕೆ ಪರವಾನಗಿಯಲ್ಲ ಎಂದು ತಕ್ಷಣ ಹೊಳೆಯುತ್ತದೆ, ಸರಿ. ಮಂಗಳೂರಿನಂಥ ಕರಾವಳಿ ಊರಿನಲ್ಲಿ 120 ಎಂದಿದ್ದಾಗ ಅಷ್ಟು ಸುಲಭವಾಗಿ ಹೊಳೆಯುವುದಿಲ್ಲ. ಅಲ್ಲಿ ನೆಲವೇ 70 ಮೀಟರಿನಲ್ಲಿರಬಹುದು.

ನಕ್ಷೆಯ ಮಿತಿಗೆ ಹತ್ತಿರ ಬಂದರೆ, ಅಥವಾ ಕೆಂಪಿನಲ್ಲಿದ್ದರೆ, ಅರ್ಜಿ ಹಾಕುವ ಮೊದಲು ನೀವೇ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಆರ್ಕಿಟೆಕ್ಟ್ ಕೆಲಸ ಶುರು ಮಾಡುವ ಮುನ್ನವೇ, ಸಾಧ್ಯವಾದರೆ ಜಾಗಕ್ಕೆ ಮುಂಗಡ ಕೊಡುವ ಮುನ್ನವೇ.

ರನ್‌ವೇ ಸುತ್ತ ಕಣ್ಣಿಗೆ ಕಾಣದ ಚಪ್ಪರವೊಂದು ಹಾಕಿದೆ ಎಂದುಕೊಳ್ಳಿ. ಈ ಚಪ್ಪರದ ಅಳತೆಗಳು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ 14ನೇ ಅನುಬಂಧದಿಂದ ಬಂದವು. ಐಎಲ್‌ಎಸ್ (ರೇಡಿಯೋ ಸಂಕೇತದಿಂದ ವಿಮಾನಕ್ಕೆ ಇಳಿಯುವ ದಾರಿ ತೋರುವ ಉಪಕರಣ) ಇರುವ ದೊಡ್ಡ ರನ್‌ವೇಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ನಡುವೆ ಸಮತಟ್ಟಾದ ಭಾಗ ‘ಇನ್ನರ್ ಹಾರಿಜಾಂಟಲ್’: ನಿಲ್ದಾಣಕ್ಕೆಂದು ಗೊತ್ತುಪಡಿಸಿದ ಮಟ್ಟದಿಂದ 45 ಮೀಟರ್ ಮೇಲೆ, ರನ್‌ವೇ ಪಟ್ಟಿಯ (ರನ್‌ವೇ ಮತ್ತು ಅದರ ಸುತ್ತ ತೆರವಾಗಿಟ್ಟ ಜಾಗ ಸೇರಿದ ಪಟ್ಟಿ) ಎರಡು ತುದಿಗಳಿಂದ 4,000 ಮೀಟರ್ ತ್ರಿಜ್ಯದ ಅರೆವೃತ್ತಗಳನ್ನು ಎಳೆದು ಜೋಡಿಸಿದ ಆಕಾರ. ಅದರ ಅಂಚಿನಿಂದ ‘ಕೋನಿಕಲ್’ ಶೇ. 5ರ ಇಳಿಜಾರಿನಲ್ಲಿ ಹೊರಗೆ ಏರುತ್ತದೆ. 2,000 ಮೀಟರ್ ಸಾಗುವಷ್ಟರಲ್ಲಿ ಇನ್ನೂ 100 ಮೀಟರ್ ಮೇಲೇರಿರುತ್ತದೆ. ಆಮೇಲೆ 15 ಕಿ.ಮೀ.ವರೆಗೆ 150 ಮೀಟರಿನಲ್ಲಿ ‘ಔಟರ್ ಹಾರಿಜಾಂಟಲ್’.

ರನ್‌ವೇಯ ನೇರದಲ್ಲಿ ಚಪ್ಪರ ಇನ್ನೂ ಬಿಗಿ. ಚಪ್ಪರದ ಒಂದೊಂದು ಭಾಗಕ್ಕೂ ಸರ್ಫೇಸ್ ಎನ್ನುತ್ತಾರೆ. ಇಳಿಯುವ ದಾರಿಯ ‘ಅಪ್ರೋಚ್ ಸರ್ಫೇಸ್’ ಥ್ರೆಶೋಲ್ಡ್‌ನಿಂದ, ಅಂದರೆ ರನ್‌ವೇಯಲ್ಲಿ ಇಳಿಯಬಹುದಾದ ಭಾಗ ಶುರುವಾಗುವ ಗೆರೆಯಿಂದ, 60 ಮೀಟರ್ ಆಚೆ ಶುರುವಾಗುತ್ತದೆ. ಅಲ್ಲಿ ಅದರ ಅಗಲ 300 ಮೀಟರ್, ಅನುಬಂಧದ ಈಚಿನ ಆವೃತ್ತಿಯಲ್ಲಿ 280. ಎರಡೂ ಬದಿಗೆ ಶೇ. 15ರಂತೆ ಅಗಲವಾಗುತ್ತ ಹೋಗುತ್ತದೆ. ಮೊದಲ 3,000 ಮೀಟರ್ ಶೇ. 2ರ ಏರಿಕೆ, ಅಂದರೆ 50 ಮೀಟರಿಗೆ 1 ಮೀಟರ್. ಮುಂದಿನ 3,600 ಮೀಟರ್ ಶೇ. 2.5. ಅಲ್ಲಿಂದ 8,400 ಮೀಟರ್ ಸಮತಟ್ಟು. ‘ಟೇಕಾಫ್ ಕ್ಲೈಂಬ್’ ಸರ್ಫೇಸ್ 180 ಮೀಟರ್ ಅಗಲದಿಂದ ಶುರುವಾಗಿ, ಪ್ರತಿ ಬದಿಗೆ ಶೇ. 12.5ರಂತೆ ಹಿಗ್ಗಿ, 1,200 ಮೀಟರಿಗೆ ನಿಲ್ಲುತ್ತದೆ. ಹಾರುವ ದಾರಿ ತಿರುಗುವ ಕಡೆ 1,800 ಮೀಟರ್. ಏರಿಕೆ ಕೊನೆಯವರೆಗೂ ಶೇ. 2. ಇನ್ನು ರನ್‌ವೇ ಪಕ್ಕದಲ್ಲಿ ‘ಟ್ರಾನ್ಸಿಷನಲ್’: ಪಟ್ಟಿಯ ಅಂಚಿನಿಂದ ಶೇ. 14.3, ಅಂದರೆ 7 ಮೀಟರಿಗೆ 1 ಮೀಟರ್. ಸುಮಾರು 315 ಮೀಟರ್ ಸಾಗಿದರೆ 45 ಮೀಟರ್ ಮುಟ್ಟುತ್ತದೆ.

ಟೇಕಾಫಿನ ಏರಿಕೆಯನ್ನು ಇಷ್ಟು ಕಡಿಮೆ ಇಟ್ಟದ್ದು ಯಾಕೆ ಎಂಬುದನ್ನು ಅರಿತರೆ ಅದರ ತೂಕ ತಿಳಿಯುತ್ತದೆ. ಎರಡು ಎಂಜಿನ್‌ನ ವಿಮಾನದಲ್ಲಿ ಟೇಕಾಫ್ ಹೊತ್ತಿಗೆ ಒಂದು ಕೈಕೊಟ್ಟರೆ, ಚಕ್ರ ಮಡಚಿದ ಮೇಲೆ ಅದು ಕನಿಷ್ಠ ಶೇ. 2.4ರಂತೆ ಏರಬಲ್ಲದೆಂದು ತೋರಿಸಿರಬೇಕು. ಅದರಲ್ಲಿ ಶೇ. 0.8 ಎಚ್ಚರಿಕೆಗೆಂದು ಕಳೆದು, ಉಳಿದ ಶೇ. 1.6ರ ದಾರಿಯಲ್ಲಿ ಪ್ರತಿ ಅಡ್ಡಿಯನ್ನೂ ಕನಿಷ್ಠ 35 ಅಡಿ ಮೇಲಿನಿಂದ ದಾಟುವಂತೆ ವಿಮಾನದ ತೂಕ ನಿಗದಿ ಮಾಡುತ್ತಾರೆ. ದಾರಿಗೆ ಒಂದು ಎತ್ತರದ ತುದಿ ಅಡ್ಡ ಬಂದರೆ ತೂಕ ಇಳಿಸಬೇಕು: ಕಡಿಮೆ ಪ್ರಯಾಣಿಕರು, ಕಡಿಮೆ ಸರಕು, ಕಡಿಮೆ ಇಂಧನ. ಇಳಿಯುವ ದಾರಿಯಲ್ಲಾದರೆ ಥ್ರೆಶೋಲ್ಡನ್ನೇ ಒಳಕ್ಕೆ ಸರಿಸಬೇಕಾಗುತ್ತದೆ, ಮಂಜಿನಲ್ಲಿ ಇಳಿಯಬಹುದಾದ ಮಿತಿ ಮೇಲೇರುತ್ತದೆ. ಒಂದು ಕಟ್ಟಡದ ನಾಲ್ಕು ಮೀಟರಿನ ಆಸೆಗೆ ಇಡೀ ಊರು ದಿನದಿನವೂ ಬೆಲೆ ತೆರುತ್ತದೆ.

ನಿಮ್ಮ ಜಾಗದ ಮೇಲೆ ಇಂಥ ಎರಡು, ಮೂರು, ಕೆಲವೊಮ್ಮೆ ಐದು ಸರ್ಫೇಸ್‌ಗಳು ಒಂದರ ಮೇಲೊಂದು ಹಾದಿರುತ್ತವೆ. ಎಲ್ಲಕ್ಕಿಂತ ಕೆಳಗಿರುವುದೇ ನಿಮ್ಮ ಮಿತಿ. ಸಮತಟ್ಟಾದ ನಿಲ್ದಾಣದಲ್ಲಿ, ಎಲ್ಲ ಮಟ್ಟಗಳೂ ಒಂದೇ ಎಂದುಕೊಂಡು ರನ್‌ವೇಯ ನೇರಕ್ಕೆ ಹೊರಗೆ ನಡೆಯುತ್ತ ಹೋದರೆ ಸರದಿ ಹೀಗಿರುತ್ತದೆ: ಪಟ್ಟಿಯ ತುದಿಯಿಂದ 2,250 ಮೀಟರ್‌ವರೆಗೆ ಶೇ. 2ರ ಇಳಿಜಾರಿನ ಆಳ್ವಿಕೆ. ಅಲ್ಲಿಂದ 4,000ದವರೆಗೆ 45 ಮೀಟರಿನ ಚಪ್ಪಟೆ ಭಾಗ. ಆಮೇಲೆ ಸುಮಾರು 5,170 ಮೀಟರ್‌ವರೆಗೆ ಕೋನಿಕಲ್. ಅಲ್ಲಿ ಕೋನಿಕಲ್ಲನ್ನು ಟೇಕಾಫ್ ಸರ್ಫೇಸ್ ಕೆಳಗಿನಿಂದ ದಾಟಿ, 7,500 ಮೀಟರ್‌ವರೆಗೆ ಅದೇ ಆಳುತ್ತದೆ. ನಂತರ 150 ಮೀಟರ್. ಈ ಐದು ಕಿ.ಮೀ. ಆಸುಪಾಸಿನ ದಾಟುವ ಜಾಗವೇ ಅತಿ ಹೆಚ್ಚು ಮೋಸ ಮಾಡುವುದು. ಯಾಕೆಂದರೆ ಕೋನಿಕಲ್ಲಿನ ಮೂಲಮಟ್ಟವೂ ರನ್‌ವೇ ತುದಿಯ ಮಟ್ಟವೂ ನಿಜದಲ್ಲಿ ಒಂದೇ ಆಗಿರುವುದಿಲ್ಲ.

ಒಂದು ಕಲ್ಪಿತ ಜಾಗ ಇಟ್ಟುಕೊಂಡು ಲೆಕ್ಕ ಮಾಡೋಣ. ನಿಲ್ದಾಣದ ಗೊತ್ತುಪಡಿಸಿದ ಮಟ್ಟ 905 ಮೀಟರ್. ನಮ್ಮ ಕಡೆಯ ರನ್‌ವೇ ತುದಿ ಮತ್ತು ಥ್ರೆಶೋಲ್ಡ್ ಒಂದೇ, ಎತ್ತರ 900. ಸೈಟು ಥ್ರೆಶೋಲ್ಡ್‌ನಿಂದ ರನ್‌ವೇ ನೇರಕ್ಕೆ 5,200 ಮೀಟರ್ ದೂರ, ಮಧ್ಯರೇಖೆಯಿಂದ 400 ಮೀಟರ್ ಪಕ್ಕಕ್ಕೆ. ಸೈಟಿನ ನೆಲ 948. ಸರ್ಫೇಸ್‌ಗಳು 60 ಮೀಟರ್ ಆಚೆ, ಪಟ್ಟಿಯ ತುದಿಯಿಂದ ಶುರುವಾಗುವುದರಿಂದ ಮೊದಲು 60 ಕಳೆದು 5,140 ಮಾಡಿಕೊಳ್ಳಿ.

ಅಪ್ರೋಚ್: ಆ ದೂರದಲ್ಲಿ ಅರ್ಧ ಅಗಲ 150 ಕೂಡಿಸು 771, ಅಂದರೆ 921 ಮೀಟರ್. ನಮ್ಮ 400 ಅದರೊಳಗೇ ಇದೆ. ಎತ್ತರ ಮೊದಲ 3,000ಕ್ಕೆ 60, ಉಳಿದ 2,140ಕ್ಕೆ 53.5, ಒಟ್ಟು 113.5. ಮಿತಿ 1,013.5 ಮೀಟರ್. ಕೋನಿಕಲ್: ಪಟ್ಟಿಯ ತುದಿಯಿಂದ ಓರೆಯಾಗಿ ಅಳೆದ ದೂರ ಸುಮಾರು 5,155.5. ಅದರಲ್ಲಿ 4,000 ಕಳೆದು ಶೇ. 5 ತೆಗೆದರೆ 57.8. ಅದಕ್ಕೆ 905 ಮತ್ತು 45 ಸೇರಿಸಿ, 1,007.8. ಟೇಕಾಫ್: ಅರ್ಧ ಅಗಲ 600ಕ್ಕೆ ನಿಂತಿರುತ್ತದೆ, ನಾವು ಒಳಗಿದ್ದೇವೆ. 5,140ರ ಶೇ. 2 ಎಂದರೆ 102.8. ಮಿತಿ 1,002.8. ಮೂರರಲ್ಲಿ ಇದೇ ಕೆಳಗಿನದು. ನೆಲದಿಂದ ಸಿಗುವುದು 54.8 ಮೀಟರ್.

ಈಗ ಕಟ್ಟಡ. ಸ್ಟಿಲ್ಟ್ ಮತ್ತು 15 ಮಹಡಿ, ಒಂದೊಂದಕ್ಕೆ 3.1 ಮೀಟರಿನಂತೆ ತಾರಸಿವರೆಗೆ 49.6. ‘54.8 ಇದೆಯಲ್ಲ, ಐದು ಮೀಟರ್ ಉಳಿಯಿತು’ ಎಂದು ಇಲ್ಲಿಗೇ ನಿಲ್ಲಿಸಿದ ಫೈಲುಗಳು ಎಷ್ಟೋ. ತಾರಸಿಯ ಮೇಲೆ ಲಿಫ್ಟ್ ಮಷೀನ್ ರೂಮ್ 4.5, ಅದರ ಮೇಲೆ ಓವರ್‌ಹೆಡ್ ಟ್ಯಾಂಕ್ 3, ಅದರ ಮೇಲೆ ಮಿಂಚು ಬಡಿಯದಂತೆ ಹಾಕುವ ಕಂಬಿ 2.5. ತುದಿ 59.6ಕ್ಕೆ, ಸಮುದ್ರ ಮಟ್ಟದಿಂದ 1,007.6ಕ್ಕೆ ಹೋಯಿತು. ಮಿತಿಗಿಂತ 4.8 ಮೀಟರ್ ಹೆಚ್ಚು. ಕೋನಿಕಲ್ ಒಂದನ್ನೇ ನೋಡಿದವರಿಗೆ ಇದೇ ಕಟ್ಟಡ 20 ಸೆಂ.ಮೀ. ಅಂತರದಲ್ಲಿ ಪಾಸಾದಂತೆ ಕಾಣುತ್ತದೆ. ಸರ್ಫೇಸ್‌ಗಳನ್ನು ಒಂದೂ ಬಿಡದೆ ನೋಡಬೇಕೆನ್ನುವುದು ಇದಕ್ಕೇ.

ಸೈಟಿಗೆ ಒಂದೇ ಬಿಂದು ಸಾಲದು. ಪ್ರತಿ ಮೂಲೆಯಲ್ಲೂ ಲೆಕ್ಕ ಮಾಡಬೇಕು. ರನ್‌ವೇಗೆ ಹತ್ತಿರದ ಮೂಲೆಯಲ್ಲಿ ಚಪ್ಪರ ಸಾಮಾನ್ಯವಾಗಿ ಅತ್ಯಂತ ಕೆಳಗಿರುತ್ತದೆ. ದೊಡ್ಡ ಲೇಔಟ್‌ನಲ್ಲಿ ಎತ್ತರದ ಬ್ಲಾಕನ್ನು ದೂರದ ಮೂಲೆಗೆ ಸರಿಸಿದರೆ ಒಂದೆರಡು ಮಹಡಿ ಉಳಿಯುವುದುಂಟು. ಹಾಗೆಯೇ ರನ್‌ವೇಯ ಎರಡೂ ತುದಿಗೆ, ರನ್‌ವೇ ಎರಡಿದ್ದರೆ ನಾಲ್ಕೂ ತುದಿಗೆ ಲೆಕ್ಕ ಬೇಕು. ದೇವನಹಳ್ಳಿಯಲ್ಲಿ 2019ರ ಡಿಸೆಂಬರ್‌ನಿಂದ 4,000 ಮೀಟರಿನ ಎರಡು ರನ್‌ವೇಗಳಿವೆ. ಹಳೆಯ ಎನ್‌ಒಸಿ ನೋಡಿ ಪಕ್ಕದ ಸೈಟಿನ ಮಿತಿ ಊಹಿಸುವುದು ಅಲ್ಲಿ ಸಲ್ಲದು.

ರನ್‌ವೇಯ ಅಂಕಿಗಳನ್ನು ಎಲ್ಲಿಂದ ತರುವುದು? ಎಎಐ ಪ್ರಕಟಿಸುವ ಎಐಪಿ ಎಂಬ ವಿಮಾನಯಾನ ಮಾಹಿತಿ ಕೈಪಿಡಿಯಿಂದ. ಅದರಲ್ಲಿ ಪ್ರತಿ ನಿಲ್ದಾಣದ ಪುಟದ 2.12ನೇ ಭಾಗದಲ್ಲಿ ಥ್ರೆಶೋಲ್ಡ್‌ಗಳ ಅಕ್ಷಾಂಶ ರೇಖಾಂಶ ಮತ್ತು ಎತ್ತರ, 2.13ರಲ್ಲಿ ಘೋಷಿತ ದೂರಗಳು, 2.10ರಲ್ಲಿ ಈಗಾಗಲೇ ಗೊತ್ತಿರುವ ಅಡ್ಡಿಗಳು, 2.19ರಲ್ಲಿ ಸಂಚರಣಾ ಉಪಕರಣಗಳು. ಈ ಮಾಹಿತಿ 28 ದಿನಗಳ ಸುತ್ತಿನಲ್ಲಿ ಬದಲಾಗಬಹುದು. ಹೋದ ವರ್ಷ ಇಳಿಸಿಕೊಂಡ ಪಿಡಿಎಫ್ ನೆಚ್ಚಿಕೊಳ್ಳಬೇಡಿ. ಥ್ರೆಶೋಲ್ಡ್ ಒಳಕ್ಕೆ ಸರಿದಿದ್ದರೆ ಅಪ್ರೋಚ್ ಅಲ್ಲಿಂದ ಶುರು, ಟೇಕಾಫ್ ಮಾತ್ರ ರನ್‌ವೇಯ ಕೊನೆಯಿಂದಲೇ. ಮುಂದೆ ಕ್ಲಿಯರ್‌ವೇ (ಏರುವ ವಿಮಾನಕ್ಕೆಂದು ತೆರವಾಗಿಟ್ಟ ಜಾಗ) ಇದ್ದರೆ ಟೇಕಾಫ್ ಸರ್ಫೇಸ್ ಅದರ ಕೊನೆಗೆ ಸರಿಯುತ್ತದೆ. ಎರಡಕ್ಕೂ ಒಂದೇ ಬಿಂದು ಹಿಡಿದರೆ ಲೆಕ್ಕ ಮೊದಲ ಸಾಲಿನಲ್ಲೇ ಕೆಡುತ್ತದೆ.

ರನ್‌ವೇ ದಿಕ್ಕಿನ ವಿಷಯ. 09 ಎಂದು ಬರೆದಿದೆ ಎಂದು 90 ಡಿಗ್ರಿ ಹಿಡಿಯುವಂತಿಲ್ಲ. ಆ ಸಂಖ್ಯೆ ಕಾಂತೀಯ ದಿಕ್ಕನ್ನು ಹತ್ತರ ಲೆಕ್ಕಕ್ಕೆ ದುಂಡು ಮಾಡಿದ್ದು. ಒಂದು ಡಿಗ್ರಿ ತಪ್ಪಿದರೆ 15 ಕಿ.ಮೀ.ಗೆ 260 ಮೀಟರಿನಷ್ಟು ಪಕ್ಕಕ್ಕೆ ಹೋಗುತ್ತೀರಿ. ಪ್ರಕಟವಾದ ನಿಜ ದಿಕ್ಕನ್ನು ಹಿಡಿದರೂ ಇನ್ನೊಂದು ಬಲೆ ಇದೆ. ಸಾಮಾನ್ಯವಾಗಿ ಸರ್ವೇಯರುಗಳು ಬಿಂದುಗಳನ್ನು ಯುಟಿಎಂ ಎಂಬ ಮೀಟರ್ ಲೆಕ್ಕದ ನಕ್ಷಾಜಾಲದ 43ನೇ ವಲಯಕ್ಕೆ ಪರಿವರ್ತಿಸಿ ಕೆಲಸ ಮಾಡುತ್ತಾರೆ. ಬೆಂಗಳೂರು ಆ ವಲಯದ ಪೂರ್ವದ ಅಂಚಿಗಿದೆ, 78 ಡಿಗ್ರಿ ದಾಟಿದರೆ 44ನೇ ವಲಯ. ಅಲ್ಲಿ ಯುಟಿಎಂ ಉತ್ತರಕ್ಕೂ ನಿಜ ಉತ್ತರಕ್ಕೂ ಸುಮಾರು 0.6 ಡಿಗ್ರಿ ವ್ಯತ್ಯಾಸ. 15 ಕಿ.ಮೀ.ಗೆ 150 ಮೀಟರ್ ದಾಟುತ್ತದೆ. ದಾರಿ ಸುಲಭ: ದಿಕ್ಕನ್ನು ಎಲ್ಲಿಂದಲೂ ತರಬೇಡಿ, ಎರಡು ಥ್ರೆಶೋಲ್ಡ್‌ಗಳನ್ನು ಅದೇ ಯುಟಿಎಂಗೆ ಪರಿವರ್ತಿಸಿ ಅವುಗಳ ನಡುವಿನ ಗೆರೆಯನ್ನೇ ದಿಕ್ಕಾಗಿ ಹಿಡಿಯಿರಿ. ಆ ಗೆರೆಯ ಉದ್ದಕ್ಕೆ ಎಷ್ಟು, ಅಡ್ಡಕ್ಕೆ ಎಷ್ಟು ಎಂದು ತೆಗೆಯುವುದು ಎಕ್ಸೆಲ್‌ನಲ್ಲಿ ಎರಡು ಸಾಲಿನ ಕೆಲಸ.

ಹಳೆಯ ಟೋಪೋಶೀಟ್‌ನಿಂದ ಅಕ್ಷಾಂಶ ರೇಖಾಂಶ ಎತ್ತಿಕೊಂಡರೆ ಅದು ‘ಎವರೆಸ್ಟ್’ ಎಂಬ ಹಳೆಯ ಅಳತೆ ಚೌಕಟ್ಟಿನದು. ಜಿಪಿಎಸ್ ಬಳಸುವ ಡಬ್ಲ್ಯುಜಿಎಸ್-84 ಚೌಕಟ್ಟಿಗೆ ಹೋಲಿಸಿದರೆ ನೂರು ಮೀಟರಿಗೂ ಹೆಚ್ಚು ಸರಿದಿರುತ್ತದೆ. ಅರ್ಜಿಗೆ ಬೇಕಾದದ್ದು ಡಬ್ಲ್ಯುಜಿಎಸ್-84 ಮಾತ್ರ. ಸೆಕೆಂಡಿನ ಹತ್ತನೇ ಒಂದು ಭಾಗ ಎಂದರೆ ನೆಲದ ಮೇಲೆ ಸುಮಾರು 3 ಮೀಟರ್. ಶೇ. 2ರ ಇಳಿಜಾರಿನಲ್ಲಿ ಆ 3 ಮೀಟರ್ ಎತ್ತರಕ್ಕೆ ಬರೀ 6 ಸೆಂ.ಮೀ. ವ್ಯತ್ಯಾಸ ತರುತ್ತದೆ, ಟ್ರಾನ್ಸಿಷನಲ್ ಕೆಳಗೆ 43 ಸೆಂ.ಮೀ. ಆದರೆ ಎತ್ತರ ಅಳೆಯುವಾಗ ಆದ ತಪ್ಪು ಹಾಗೆ ಕರಗುವುದಿಲ್ಲ. ಒಂದು ಮೀಟರ್ ತಪ್ಪು ಒಂದು ಮೀಟರಾಗಿಯೇ ತುದಿಗೆ ಬಂದು ಕೂರುತ್ತದೆ. ಹಾಗಾಗಿ ಸರ್ವೇಯರ್‌ಗೆ ಕೊಡುವ ಹಣದಲ್ಲಿ ಹೆಚ್ಚಿನ ಪಾಲು ಎತ್ತರಕ್ಕೆ ಹೋಗಲಿ.

ಎತ್ತರದಲ್ಲಿ ಆಗುವ ಅತಿ ದೊಡ್ಡ ತಪ್ಪು ಜಿಪಿಎಸ್‌ನಿಂದ. ಸರ್ವೇಯರುಗಳು ಬಳಸುವ ಹೆಚ್ಚು ನಿಖರವಾದ ಡಿಜಿಪಿಎಸ್ ಉಪಕರಣ ನೇರವಾಗಿ ಕೊಡುವುದು ಎಲಿಪ್ಸಾಯ್ಡ್ ಎಂಬ ಗಣಿತದ ಗೋಳದಿಂದ ಎತ್ತರ. ಸಮುದ್ರ ಮಟ್ಟ ಆ ಗೋಳದ ಜೊತೆ ಸರಿಯಾಗಿ ಕೂರುವುದಿಲ್ಲ. ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ ಜಗತ್ತಿನಲ್ಲೇ ಅತಿ ಆಳವಾದ ಗುರುತ್ವದ ತಗ್ಗಿದೆ, ಅಲ್ಲಿ ಸಮುದ್ರ ಮಟ್ಟ ಎಲಿಪ್ಸಾಯ್ಡಿಗಿಂತ ನೂರಕ್ಕೂ ಹೆಚ್ಚು ಮೀಟರ್ ಕೆಳಗಿದೆ. ಆ ತಗ್ಗಿನ ಇಳಿಜಾರು ನಮ್ಮ ದಕ್ಷಿಣ ಭಾರತವನ್ನೂ ಆವರಿಸಿದೆ. ಬೆಂಗಳೂರಿನ ಸುತ್ತ ಈ ಅಂತರ 80 ಮೀಟರಿಗೂ ಹೆಚ್ಚು. ಸಮುದ್ರ ಮಟ್ಟದಿಂದ 915 ಮೀಟರಿನಲ್ಲಿರುವ ಜಾಗದಲ್ಲಿ ಉಪಕರಣ 830ರ ಆಸುಪಾಸು ತೋರಿಸುತ್ತದೆ. ಅದನ್ನೇ ಸೈಟಿನ ಎತ್ತರ ಎಂದು ಬರೆದರೆ ನಿಮಗೆ ಸಿಗದ 80 ಮೀಟರ್ ಕಾಗದದಲ್ಲಿ ಸಿಕ್ಕಿಬಿಡುತ್ತದೆ. ಸರಿಪಡಿಸಲು ಹೋಗಿ ಕೂಡುವ ಬದಲು ಕಳೆದರೆ 750 ಬರುತ್ತದೆ, ಇನ್ನೂ ಕೆಟ್ಟದು. ನೆನಪಿಡಲು ಒಂದು ಪರೀಕ್ಷೆ: ಕರ್ನಾಟಕದಲ್ಲಿ ಸಮುದ್ರ ಮಟ್ಟದಿಂದ ಅಳೆದ ಎತ್ತರ ಯಾವಾಗಲೂ ಎಲಿಪ್ಸಾಯ್ಡಿನ ಎತ್ತರಕ್ಕಿಂತ ದೊಡ್ಡದಿರಬೇಕು. ನಿಲ್ದಾಣದ ಎಐಪಿ ಪುಟದ 2.2ನೇ ಭಾಗದಲ್ಲಿ ಆ ಜಾಗದ ಜಿಯಾಯ್ಡ್ ಅಂತರವನ್ನು, ಅಂದರೆ ಸಮುದ್ರ ಮಟ್ಟಕ್ಕೂ ಎಲಿಪ್ಸಾಯ್ಡಿಗೂ ಇರುವ ಈ ವ್ಯತ್ಯಾಸವನ್ನು, ಕೊಡುವ ಕ್ರಮವಿದೆ. ನಿಮ್ಮ ಸರ್ವೇಯರ್ ಬಳಸಿದ ಸಂಖ್ಯೆಯನ್ನು ಅದರ ಪಕ್ಕ ಇಟ್ಟು ನೋಡಿ.

ಖಚಿತವಾಗಿ ಬೇಕಾದರೆ ಭಾರತೀಯ ಸರ್ವೇಕ್ಷಣಾ ಇಲಾಖೆಯ ಬೆಂಚ್‌ಮಾರ್ಕ್‌ನಿಂದ ಲೆವೆಲಿಂಗ್ ಮಾಡಿಸಿ, ಹೋದ ದಾರಿಯಲ್ಲೇ ವಾಪಸ್ ಬಂದು ಲೆಕ್ಕ ಕೂಡುತ್ತದೆಯೇ ನೋಡಬೇಕು. ಮೊಬೈಲ್ ಆ್ಯಪ್, ಗೂಗಲ್ ಅರ್ಥ್ ಮೊದಲ ಅಂದಾಜಿಗೆ ಸಾಕು, ಅರ್ಜಿಗೆ ಸಲ್ಲವು. ಅಲ್ಲಿ ಹಲವು ಮೀಟರುಗಳ ತಪ್ಪು ಸಹಜ. ಇನ್ನೊಂದು, ಸೈಟಿನಲ್ಲಿ ಕಾಂಪೌಂಡ್ ಗೋಡೆಯ ಮೇಲೋ ವಿದ್ಯುತ್ ಕಂಬದ ಬುಡದಲ್ಲೋ ಗುರುತು ಹಾಕಿ ಅದಕ್ಕೆ 100.000 ಎಂದು ಹೆಸರಿಡುವ ರೂಢಿ. ಕಟ್ಟಡದ ಎಲ್ಲ ನಕ್ಷೆಗಳೂ ಆ ನೂರರಿಂದಲೇ ಎಣಿಸುತ್ತವೆ. ನೂರು ಎಂದರೆ ಸಮುದ್ರ ಮಟ್ಟದಿಂದ ಎಷ್ಟು ಎಂಬ ಒಂದು ಸಾಲು ಎಲ್ಲ ನಕ್ಷೆಗಳ ಮೂಲೆಯಲ್ಲೂ ಇರಲಿ. ಜೊತೆಗೆ ಆರ್ಕಿಟೆಕ್ಟ್‌ನ ‘0.00’ ಸಾಮಾನ್ಯವಾಗಿ ನೆಲಹಾಸಿನ ಮಟ್ಟ, ಸಹಜ ನೆಲಕ್ಕಿಂತ ಅರ್ಧ ಮೀಟರೋ ಒಂದು ಮೀಟರೋ ಮೇಲೆ. ಮಳೆನೀರು ನಿಲ್ಲದಿರಲೆಂದು ಆಮೇಲೆ ಮಣ್ಣು ತುಂಬಿಸಿ ಸೈಟ್ ಏರಿಸಿದರೆ ಕಟ್ಟಡವೂ ಅಷ್ಟೇ ಏರುತ್ತದೆ. ಎನ್‌ಒಸಿಯ ತುದಿ ಮಾತ್ರ ಇದ್ದಲ್ಲೇ ಇರುತ್ತದೆ.

ತುದಿ ಎಂದರೆ ಏನೇನು? ಎನ್‌ಒಸಿಯ ಷರತ್ತುಗಳಲ್ಲೇ ಸ್ಪಷ್ಟವಾಗಿದೆ: ಟಿವಿ ಮತ್ತು ರೇಡಿಯೋ ಆಂಟೆನಾ, ಮಿಂಚುಕಂಬಿ, ಮೆಟ್ಟಿಲ ಮೇಲಿನ ಕೋಣೆ, ನೀರಿನ ಟ್ಯಾಂಕ್, ಯಾವುದೇ ಬಗೆಯ ಜೋಡಣೆ, ಏನೂ ಅನುಮತಿಸಿದ ಎತ್ತರ ದಾಟುವಂತಿಲ್ಲ. ಮುಂದೊಂದು ದಿನ ತಾರಸಿಗೆ ಬರುವ ಸೋಲಾರ್ ಚೌಕಟ್ಟು, ಹೋರ್ಡಿಂಗ್, ಮೊಬೈಲ್ ಕಂಪನಿಯ ಕಂಬ ಇವಕ್ಕೂ ಈಗಲೇ ಮೂರು ನಾಲ್ಕು ಮೀಟರ್ ಬಿಟ್ಟಿಡುವುದು ಜಾಣತನ. ಟವರ್ ಕ್ರೇನ್ ಇನ್ನೂ ದೊಡ್ಡ ಸಮಸ್ಯೆ. ಅದರ ಕೊಕ್ಕೆ ಕಟ್ಟಡದ ತುದಿಗಿಂತ ಮೇಲಿರಲೇಬೇಕು, ಅದರ ಮೇಲೆ ತೋಳು, ಅದರ ಮೇಲೆ ಶಿಖೆ. ಮಿತಿಯ ಅಂಚಿಗೆ ಕಟ್ಟಡ ವಿನ್ಯಾಸ ಮಾಡಿದರೆ ಕೊನೆಯ ಮಹಡಿಗಳಿಗೆ ಕ್ರೇನೇ ಚಪ್ಪರವನ್ನು ಚುಚ್ಚುತ್ತದೆ. ವಿಮಾನಕ್ಕೆ ತಾತ್ಕಾಲಿಕ ಕ್ರೇನೂ ಒಂದೇ, ಶಾಶ್ವತ ಗೋಡೆಯೂ ಒಂದೇ. ಮರಗಳೂ ನಿಯಮದ ವ್ಯಾಪ್ತಿಯಲ್ಲಿವೆ. ರನ್‌ವೇ ತುದಿಯ ಹತ್ತಿರ ನೀಲಗಿರಿ ತೋಪು ಬೆಳೆಸುವವರು ಇದನ್ನು ಗಮನಿಸಬೇಕು.

ಚಪ್ಪರದ ಲೆಕ್ಕದಲ್ಲಿ ಪಾಸಾದರೂ ಕೆಲಸ ಮುಗಿಯುವುದಿಲ್ಲ. ಉಪಕರಣಗಳನ್ನೇ ನೆಚ್ಚಿ ಹಾರುವ ದಾರಿಗಳಿಗೆ ಬೇರೆ ಸರ್ಫೇಸ್‌ಗಳಿವೆ, ಅವನ್ನು ಪ್ಯಾನ್ಸ್-ಆಪ್ಸ್ ಎನ್ನುತ್ತಾರೆ. ನಂದಿ ಬೆಟ್ಟ ದೇವನಹಳ್ಳಿ ನಿಲ್ದಾಣದಿಂದ ನೇರಕ್ಕೆ 19 ಕಿ.ಮೀ.ನಷ್ಟು ದೂರ, ಎತ್ತರ 1,478 ಮೀಟರ್. 15 ಕಿ.ಮೀ. ಚಪ್ಪರದ ಹೊರಗಿದ್ದರೂ ಅದನ್ನು ಯಾರೂ ಮರೆಯುವಂತಿಲ್ಲ, ಯಾಕೆಂದರೆ 25 ನಾಟಿಕಲ್ ಮೈಲಿ, ಅಂದರೆ ಸುಮಾರು 46 ಕಿ.ಮೀ. ತ್ರಿಜ್ಯದೊಳಗಿನ ಸುರಕ್ಷಿತ ಎತ್ತರವನ್ನು ಗೊತ್ತುಪಡಿಸುವಾಗ ಅಲ್ಲಿನ ಅತಿ ಎತ್ತರದ ತುದಿಗಿಂತ 300 ಮೀಟರ್ ಮೇಲಿರಬೇಕು ಎಂಬ ನಿಯಮವಿದೆ. ಎತ್ತರದ ಗುಡ್ಡದ ಮೇಲೆ ಟವರ್ ನಿಲ್ಲಿಸುವವರು ದೂರ ನೋಡಿ ನಿಶ್ಚಿಂತರಾಗಬಾರದು. ಇದರ ಲೆಕ್ಕವನ್ನು ಹೊರಗಿನವರು ಪೂರ್ತಿ ಮಾಡುವುದು ಕಷ್ಟ, ಎಎಐಯ ವಿನ್ಯಾಸಕಾರರಿಗೇ ಬಿಡಬೇಕು. ಹಾಗೆಯೇ ಐಎಲ್‌ಎಸ್, ಡಿವಿಒಆರ್ (ವಿಮಾನಕ್ಕೆ ದಿಕ್ಕು ತೋರುವ ರೇಡಿಯೋ ಕೇಂದ್ರ), ರೇಡಾರ್‌ಗಳ ಸುತ್ತಲ ನಿರ್ಬಂಧ. ಇಲ್ಲಿ ಎತ್ತರದ ಜೊತೆ ಕಟ್ಟಡ ಯಾವ ಕಡೆಗೆ ಮುಖ ಮಾಡಿದೆ, ಲೋಹದ ಹೊದಿಕೆ ಎಷ್ಟಿದೆ ಎಂಬುದೂ ಮುಖ್ಯವಾಗುತ್ತದೆ. ದೊಡ್ಡ ತಗಡಿನ ಗೋದಾಮು ತಗ್ಗಾಗಿದ್ದರೂ ಸಂಕೇತವನ್ನು ಪ್ರತಿಫಲಿಸಿ ಕೆಡಿಸಬಲ್ಲದು.

ಸಿಕ್ಕ ಎತ್ತರ ಸಾಲದಿದ್ದರೆ ‘ಏರೋನಾಟಿಕಲ್ ಸ್ಟಡಿ’, ಅಂದರೆ ಮಿತಿ ಮೀರಿದರೂ ಹಾರಾಟ ಸುರಕ್ಷಿತವೇ ಎಂಬ ಅಧ್ಯಯನ, ಕೇಳುವ ಅವಕಾಶವಿದೆ. ಆದರೆ ಅದು ಇನ್ನರ್ ಹಾರಿಜಾಂಟಲ್, ಕೋನಿಕಲ್, ಔಟರ್ ಹಾರಿಜಾಂಟಲ್ ಮೂರಕ್ಕೆ ಮಾತ್ರ. ಅಪ್ರೋಚ್, ಟೇಕಾಫ್, ಟ್ರಾನ್ಸಿಷನಲ್ ಕೆಳಗಿನ ಜಾಗಕ್ಕೆ ಸಡಿಲಿಕೆ ಇಲ್ಲ. ಮೇಲಿನ ಉದಾಹರಣೆಯ ಸೈಟಿಗೆ ಈ ದಾರಿ ಮುಚ್ಚಿದೆ, ಅಲ್ಲಿ ಅಡ್ಡ ಬಂದದ್ದು ಟೇಕಾಫ್ ಸರ್ಫೇಸ್. ‘ಸ್ಟಡಿ ಮಾಡಿಸಿ ಎತ್ತರ ತಂದುಕೊಡುತ್ತೇವೆ’ ಎನ್ನುವವರನ್ನು ನಂಬುವ ಮುನ್ನ ನಿಮ್ಮ ಮಿತಿ ಯಾವ ಸರ್ಫೇಸ್‌ನಿಂದ ಬಂತು ಎಂದು ಕೇಳಿ. ‘ಪಕ್ಕದಲ್ಲಿ ಅಷ್ಟೆತ್ತರದ ಕಟ್ಟಡ ಇದೆಯಲ್ಲ’ ಎಂಬ ವಾದವೂ ಹಾಗೆ ಸಲೀಸಾಗಿ ನಡೆಯದು. ಈಗಾಗಲೇ ಇರುವ ಅಡ್ಡಿಯ ಮರೆಯಲ್ಲಿದ್ದೇವೆ ಎಂಬ ಲಾಭ ಸಿಗಬೇಕಾದರೆ ಆ ಅಡ್ಡಿ ಶಾಶ್ವತವಾಗಿರಬೇಕು, ನಿಮ್ಮ ತುದಿ ನಿಯಮದಲ್ಲಿ ಹೇಳಿದ ರೀತಿಯಲ್ಲೇ ಅದರ ಮರೆಗೆ ಬರಬೇಕು.

ಅರ್ಜಿ ನೋಕಾಸ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ. ಮೂಲೆಗಳ ಅಕ್ಷಾಂಶ ರೇಖಾಂಶ, ಸೈಟಿನ ಎತ್ತರದ ಪ್ರಮಾಣಪತ್ರ, ಮುಚ್ಚಳಿಕೆ, ಮಾಲೀಕರ ಅಧಿಕಾರ ಪತ್ರ ಬೇಕು. ಪತ್ರಗಳಲ್ಲಿನ ಅಂಕಿಯೂ ಫಾರಂನಲ್ಲಿ ತುಂಬಿದ ಅಂಕಿಯೂ ಅಕ್ಷರಶಃ ಒಂದೇ ಇರಲಿ. ಡಿಗ್ರಿ-ನಿಮಿಷ-ಸೆಕೆಂಡ್ ಬರೆಯುವಲ್ಲಿ ದಶಾಂಶ ಡಿಗ್ರಿ ತುಂಬಿ ಸೈಟನ್ನು ಪಕ್ಕದ ಹಳ್ಳಿಗೆ ಕಳಿಸುವುದು ಸಾಮಾನ್ಯ ತಪ್ಪು. ಸಲ್ಲಿಸುವ ಮುನ್ನ ಆ ಬಿಂದುಗಳನ್ನು ಉಪಗ್ರಹ ಚಿತ್ರದ ಮೇಲೆ ಹಾಕಿ ನೋಡಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಮಾಹಿತಿ ತಪ್ಪೆಂದು ಆಮೇಲೆ ತಿಳಿದರೆ ಎನ್‌ಒಸಿ ನಿಲ್ಲುವುದಿಲ್ಲ. ಮಿತಿ ಮೀರಿದ ಭಾಗವನ್ನು ಒಡೆಸಲು 1994ರ ನಿಯಮಗಳು ಮೊದಲಿನಿಂದ ಇವೆ, ಜಿಲ್ಲಾಡಳಿತ ಅದನ್ನು ಅನಧಿಕೃತ ಕಟ್ಟಡದಂತೆಯೇ ಕೆಡವಬಹುದು.

ಕಟ್ಟಡಕ್ಕೆ ಕೊಟ್ಟ ಎನ್‌ಒಸಿಯ ಅವಧಿ 8 ವರ್ಷ. ದೊಡ್ಡ ಯೋಜನೆಯಲ್ಲಿ ಹಂತಹಂತವಾಗಿ ಕಟ್ಟುವವರು ಕೊನೆಯ ಬ್ಲಾಕ್ ಯಾವಾಗ ಮುಗಿಯುತ್ತದೆ ಎಂದು ಈಗಲೇ ಲೆಕ್ಕ ಹಾಕಿಡಬೇಕು. ಕಟ್ಟುವಾಗ ಪ್ರತಿ ನಾಲ್ಕೈದು ಸ್ಲ್ಯಾಬಿಗೊಮ್ಮೆ ಅದೇ ಬೆಂಚ್‌ಮಾರ್ಕ್‌ನಿಂದ ಮಟ್ಟ ತೆಗೆಸಿ. ಒಂದೊಂದು ಮಹಡಿಗೆ 3 ಸೆಂ.ಮೀ. ಏರುತ್ತ ಹೋದರೆ 16 ಮಹಡಿಗೆ ಅರ್ಧ ಮೀಟರ್ ಆಗುತ್ತದೆ. ಅದು ಹತ್ತನೇ ಸ್ಲ್ಯಾಬಿನಲ್ಲೇ ಗೊತ್ತಾದರೆ ಟ್ಯಾಂಕನ್ನು ಪಕ್ಕಕ್ಕೆ ಇಳಿಸಿ, ಮಷೀನ್ ರೂಮ್ ಬೇಡದ ಲಿಫ್ಟ್ ಹಾಕಿ, ಮಿಂಚುಕಂಬಿ ಗಿಡ್ಡ ಮಾಡಿ ಸರಿದೂಗಿಸಬಹುದು. ಟ್ಯಾಂಕಿನ ಕಾಂಕ್ರೀಟ್ ಹಾಕಿಯಾದ ಮೇಲೆ ಉಳಿಯುವುದು ಒಡೆಯುವ ದಾರಿಯೊಂದೇ.